ಪ್ರೇಮಿಗಳ ದಿನ: ಮನೆಯವರು ಮೊದಲು ಕೇಳಿಸಿಕೊಳ್ಳಲಿ

ಫೆಬ್ರವರಿ ತಿಂಗಳು ಹುಟ್ಟಿತೆಂದರೆ ತಮಿಳುನಾಡಿನ ಗಡಿಯ ನಮ್ಮ ಹೊಸೂರು, ಬಾಗಲೂರು, ಬೇರಿಕೆ, ಮತ್ತಿಗಿರಿ, ಕೆಲಮಂಗಲ, ಥಳಿ ಸುತ್ತಿನ ಪಾಲಿಹೌಸುಗಳಲ್ಲಿ ದುಡಿಯುವ ಹೆಂಗಸರಿಗೆ ಪುರಸೊತ್ತು ಇರುವುದಿಲ್ಲ. ಹದಿನಾಲ್ಕನೇ ತಾರೀಖಿಗೆ ಹೂ ಸಿಗಬೇಕೆಂದು ಡಿಸೆಂಬರಿನಲ್ಲೇ ದಿನ ಎಣಿಸಿ ಗುಲಾಬಿ ಗಿಡಗಳನ್ನು ಕತ್ತರಿಸಿಬಿಟ್ಟಿರುತ್ತಾರೆ. ಮೊಗ್ಗು ಹೊತ್ತಿಗೆ ಮುಂಚೆ ಅರಳದಂತೆ ಒಂದೊಂದಕ್ಕೂ ಬಲೆಯ ಟೋಪಿ ತೊಡಿಸಿರುತ್ತಾರೆ. ಕೊಯ್ದ ಹೂವನ್ನು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ, ದಂಟಿನ ಉದ್ದ ನೋಡಿ ಬೇರ್ಪಡಿಸಿ, ಇಪ್ಪತ್ತಿಪ್ಪತ್ತರಂತೆ ಕಟ್ಟು ಕಟ್ಟಿ ತಣ್ಣನೆಯ ಕೋಣೆಗೆ ಸೇರಿಸುತ್ತಾರೆ. ಅಲ್ಲಿಂದ ಅದು ಬೆಂಗಳೂರಿನ ಮಾರುಕಟ್ಟೆಗೋ ವಿಮಾನಕ್ಕೋ ಹೋಗುತ್ತದೆ. ತಾಜ್ ಮಹಲ್ ಎಂಬ ಹೆಸರಿನ ಕೆಂಪು ಗುಲಾಬಿ ನಮ್ಮ ಸೀಮೆಯಿಂದ ಸಿಂಗಪುರ, ಮಲೇಷ್ಯಾ, ಆಸ್ಟ್ರೇಲಿಯಾ, ಯೂರೋಪು ಮುಟ್ಟಿದೆ. ಪ್ರೇಮಿಗಳ ದಿನ ಎಲ್ಲೋ ದೂರದ ಸಂಗತಿ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಬೇರೆ ಯಾವ ಊರಿನವರು ಹೇಳಿದರೂ ನಾವು ಹೇಳುವಂತಿಲ್ಲ. ಇಲ್ಲಿನ ಎಷ್ಟೋ ಮನೆಗಳ ಕೂಲಿ ಆ ಹೂವಿನಿಂದ ಬರುತ್ತದೆ. ಆದರೆ ಊರೂರಿಗೆ ಹೂ ಕಳಿಸುವ ನಾವು ಆ ದಿನ ನಮ್ಮ ಮಕ್ಕಳಿಗೆ ಏನು ಹೇಳಬೇಕೆಂದು ಯೋಚಿಸಿಲ್ಲ. ಇವತ್ತು ಅದನ್ನೇ ಕುರಿತು ಮಾತಾಡಬೇಕೆಂದಿದ್ದೇನೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೀತಿಯ ಹೆಸರಿನ ಒಂದು ದಿನದಿಂದ ಮಕ್ಕಳು ಕೆಡುವುದಿಲ್ಲ. ಮನಸ್ಸಿನಲ್ಲಿ ಹುಟ್ಟಿದ್ದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದಿರುವುದು, ವಿಷಯ ಗೊತ್ತಾದ ಗಳಿಗೆಯಲ್ಲಿ ನಾವು ಕೈಗೊಳ್ಳುವ ಅವಸರದ ತೀರ್ಮಾನ, ಈ ಎರಡರಿಂದ ಅವರ ಬದುಕು ಕೆಡುತ್ತದೆ. ಹೊಡೆಯುವುದು, ಫೋನು ಕಿತ್ತುಕೊಳ್ಳುವುದು, ಶಾಲೆ ಬಿಡಿಸುವುದು, ಗಂಡು ಹುಡುಕುವುದು ಇವು ನಮ್ಮ ಕಡೆಯ ರೂಢಿಯ ಔಷಧಿಗಳು. ರೋಗಕ್ಕಿಂತ ಔಷಧಿಯೇ ಹೆಚ್ಚು ಮಕ್ಕಳ ಬಾಳನ್ನು ತಿಂದಿದೆ. ಮನೆಯವರು ಮೊದಲು ಕೇಳಿಸಿಕೊಂಡರೆ, ಏನೇ ಆದರೂ ಓದು ನಿಲ್ಲುವುದಿಲ್ಲ ಎಂಬ ಭರವಸೆ ಮಕ್ಕಳಿಗಿದ್ದರೆ, ಆ ದಿನವೂ ಆ ವಯಸ್ಸೂ ತಾನಾಗಿ ದಾಟಿಹೋಗುತ್ತವೆ.

ಈಗ ಆ ದಿನ ಒಂದು ದಿನವಾಗಿ ಉಳಿದಿಲ್ಲ, ವಾರವೇ ಆಗಿದೆ. ಏಳನೇ ತಾರೀಖು ಗುಲಾಬಿಯ ದಿನ, ಎಂಟಕ್ಕೆ ಪ್ರೊಪೋಸ್ ಮಾಡುವ ದಿನ, ಆಮೇಲೆ ಚಾಕೊಲೇಟಿನದು, ಟೆಡ್ಡಿ ಗೊಂಬೆಯದು, ಮಾತು ಕೊಡುವುದು, ಅಪ್ಪಿಕೊಳ್ಳುವುದು, ಮುತ್ತು ಕೊಡುವುದು, ಕೊನೆಗೆ ಹದಿನಾಲ್ಕು. ಏಳನೇ ಕ್ಲಾಸಿನ ಮಗುವಿಗೂ ಈ ಪಟ್ಟಿ ಬಾಯಿಪಾಠ. ಕಲಿಸಿದ್ದು ಶಾಲೆಯಲ್ಲ, ಅಪ್ಪನ ಫೋನಿನಲ್ಲಿ ಬರುವ ರೀಲುಗಳು. ಹುಡುಗ ಹುಡುಗಿಗೆ ಮಂಡಿಯೂರಿ ಹೂ ಕೊಡುವುದು, ಸುತ್ತ ನಿಂತ ಗೆಳೆಯರು ಕಿರುಚುವುದು, ಅವಳು ಒಪ್ಪುವುದು, ಇಷ್ಟನ್ನೂ ಮೂವತ್ತು ಸೆಕೆಂಡಿನಲ್ಲಿ ಕಂಡ ಮಗುವಿಗೆ ಪ್ರೀತಿ ಎಂದರೆ ಇದೇ ಅನ್ನಿಸುತ್ತದೆ. ಇದೆಲ್ಲ ನಡೆಯುವುದು ಪರೀಕ್ಷೆ ಹತ್ತಿರವಾದಾಗ. ಹತ್ತು, ಹನ್ನೆರಡನೇ ತರಗತಿಯ ಪಬ್ಲಿಕ್ ಪರೀಕ್ಷೆ ಸಾಮಾನ್ಯವಾಗಿ ಮಾರ್ಚಿನಲ್ಲಿ. ಫೆಬ್ರವರಿ ನಡುವಿನಲ್ಲಿ ಒಬ್ಬ ಹುಡುಗನ ಮನಸ್ಸು ಮುರಿದರೆ, ಒಬ್ಬ ಹುಡುಗಿಯ ಬ್ಯಾಗಿನಲ್ಲಿ ಚೀಟಿ ಸಿಕ್ಕಿ ಮನೆಯಲ್ಲಿ ರಂಪವಾದರೆ, ಅದರ ಏಟು ವರ್ಷದ ಓದಿಗೇ ಬೀಳುತ್ತದೆ.

ಇದು ನಮ್ಮದಲ್ಲ, ಪರದೇಶದವರ ಹಬ್ಬ, ಹತ್ತಿರವೂ ಸುಳಿಯಗೊಡಬಾರದು ಎನ್ನುವವರಿದ್ದಾರೆ. ಕಾರ್ಡು ಮಾರುವವರೂ ಟೀವಿಯವರೂ 1990ರ ದಶಕದಿಂದೀಚೆಗೆ ಇದನ್ನು ಊರೂರಿಗೆ ಹಬ್ಬಿಸಿದರೆಂಬುದು ನಿಜ. ವ್ಯಾಪಾರದ ಲಾಭ ಇದರ ಹಿಂದೆ ಇದೆ ಎಂಬುದನ್ನು ಮಕ್ಕಳಿಗೂ ಹೇಳಬೇಕು. ಆದರೆ ಪ್ರೀತಿಗೆ ಒಂದು ದಿನ ಮೀಸಲಿಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಏಳನೇ ಶತಮಾನದ ಹರ್ಷನ ರತ್ನಾವಳಿ ನಾಟಕ ಶುರುವಾಗುವುದೇ ವಸಂತದ ಮದನೋತ್ಸವದಿಂದ. ಫಾಲ್ಗುಣದ ಹುಣ್ಣಿಮೆಗೆ ಕಾಮನನ್ನು ಸುಡುವ ಹಬ್ಬ ಕನ್ನಡದ ಹಳ್ಳಿಗಳಲ್ಲಿ ಇನ್ನೂ ಇದೆ. ಮನ್ಮಥ ಇದ್ದಾನೆ ಎಂದು ಒಪ್ಪಿಕೊಂಡೇ ಹಿರಿಯರು ಅವನನ್ನು ಸುಡುವ ಶಾಸ್ತ್ರ ಮಾಡಿದರು. ಇನ್ನು ಇವತ್ತಿನ ನಮ್ಮ ಮನೆಗಳನ್ನೇ ನೋಡಿ. ಐದು ವರ್ಷದ ಮಗಳಿಗೆ ಅತ್ತೆಯ ಮಗನನ್ನು ತೋರಿಸಿ, ನಿನ್ನ ಗಂಡ ಬಂದ ನೋಡು ಎಂದು ನಗುವವರು ಯಾರು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ತಮಿಳುನಾಡಿನಲ್ಲಿ ಶೇಕಡ 28, ಕರ್ನಾಟಕದಲ್ಲಿ ಶೇಕಡ 27 ಮದುವೆಗಳು ರಕ್ತಸಂಬಂಧದೊಳಗೆ ಆಗಿವೆ. ಹಾಗಾಗಿ ಆ ನಗು ಬರೀ ತಮಾಷೆಯಲ್ಲ. ಹುಡುಗಿ ಮೈನೆರೆದಾಗ ಹಸೆಗೆ ಕೂರಿಸಿ ಆರತಿ ಎತ್ತಿ, ಊರೆಲ್ಲ ಕರೆದು ಊಟ ಹಾಕುತ್ತೇವೆ, ಈಗೀಗ ಫ್ಲೆಕ್ಸ್ ಕೂಡ ಕಟ್ಟುತ್ತೇವೆ. ಮೈ ಬೆಳೆದದ್ದನ್ನು ಇಷ್ಟು ಸಂಭ್ರಮದಿಂದ ಸಾರುವ ನಾವು, ಅದೇ ಹೊತ್ತಿಗೆ ಅವಳ ಮನಸ್ಸಿನಲ್ಲಿ ಏನೇನು ಹುಟ್ಟಬಹುದೆಂದು ಒಂದು ಮಾತೂ ಆಡುವುದಿಲ್ಲ. ಮಗುವಿನ ಕಿವಿಗೆ ಗಂಡ, ಮದುವೆ ಎಂಬ ಮಾತುಗಳನ್ನು ನಾವೇ ಹಾಕಿ, ಪ್ರೀತಿ ಎಂಬುದು ಮಾತ್ರ ಹೊರಗಿನಿಂದ ಬಂತು ಎನ್ನುವುದು ನ್ಯಾಯವಲ್ಲ.

ತಡೆದು ನೋಡಿದವರ ಅನುಭವವೂ ನಮ್ಮ ಮುಂದಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಹೆಣ್ಣುಮಕ್ಕಳ ಮೇಲೆ ಹಲ್ಲೆಯಾಯಿತು. ಹಲ್ಲೆಯ ಹಿಂದಿದ್ದ ಸಂಘಟನೆಯ ಮುಖಂಡರು, ಫೆಬ್ರವರಿ 14ರಂದು ಜೋಡಿಯಾಗಿ ಕಂಡವರಿಗೆ ಮದುವೆ ಮಾಡಿಸುತ್ತೇವೆ ಎಂದು ಎಚ್ಚರಿಸಿದರು. ಆಮೇಲೂ ಆ ದಿನದ ಗುಲಾಬಿ ವ್ಯಾಪಾರ ನಿಲ್ಲಲಿಲ್ಲ. 2023ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಅದೇ ದಿನ ಹಸುವನ್ನು ಅಪ್ಪಿಕೊಳ್ಳಿ ಎಂದು ಕರೆ ಕೊಟ್ಟು, ನಾಲ್ಕು ದಿನ ಇರುವಾಗಲೇ ಅದನ್ನು ಹಿಂತೆಗೆದುಕೊಂಡಿತು. ಹದಿನಾಲ್ಕನ್ನು ತಂದೆತಾಯಿಯರ ಪೂಜೆಯ ದಿನವಾಗಿ ಆಚರಿಸೋಣ ಎನ್ನುವವರೂ ಇದ್ದಾರೆ. ತಂದೆತಾಯಿಗೆ ಕೈಮುಗಿಯುವುದು ಒಳ್ಳೆಯದೇ. ಆದರೆ ಕಾಲಿಗೆ ಬಿದ್ದ ಮಗ ಎದ್ದು ನಿಂತು ತನ್ನ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಬಲ್ಲನೇ ಎಂಬುದು ಬೇರೆಯೇ ಪ್ರಶ್ನೆ. ಬೇಡ ಅಂದಿದ್ದು ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಕಾಣದ ಕಡೆಗೆ ಹೋಗುತ್ತದೆ. ಅಲ್ಲಿ ಮಗುವಿಗೆ ಏನಾದರೂ ಆದರೆ ನಮಗೆ ಗೊತ್ತಾಗುವುದು ಎಲ್ಲರಿಗಿಂತ ಕಡೆಗೆ.

ಮದುವೆ ಮಾಡಿಸುತ್ತೇವೆ ಎಂಬ ಆ ಬೆದರಿಕೆಯನ್ನು ಸ್ವಲ್ಪ ಗಮನಿಸಿ. ಪ್ರೀತಿಗೆ ಮದುವೆಯೇ ಶಿಕ್ಷೆ! ಬೀದಿಯಲ್ಲಿ ಕೂಗಿದವರನ್ನು ನಾವು ಖಂಡಿಸುತ್ತೇವೆ, ಆದರೆ ಅದೇ ಶಿಕ್ಷೆಯನ್ನು ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಕೊಡುತ್ತಿದ್ದೇವೆ. ಯಾರ ಜೊತೆಗೋ ಮಾತಾಡುತ್ತಿದ್ದಳು, ಫೋನಿನಲ್ಲಿ ಮೆಸೇಜು ಸಿಕ್ಕಿತು, ಊರವರು ಆಡಿಕೊಳ್ಳುವ ಮುಂಚೆ ಕೈದಾಟಿಸಿಬಿಡೋಣ ಎನ್ನುವ ಭಯ ಬಾಲ್ಯವಿವಾಹದ ದೊಡ್ಡ ಕಾರಣಗಳಲ್ಲಿ ಒಂದು. ಬಡತನ, ವರದಕ್ಷಿಣೆ, ಹೈಸ್ಕೂಲು ದೂರ ಇರುವುದು, ಆನೆ ಓಡಾಡುವ ಕಾಡಂಚಿನ ದಾರಿ ಇವೆಲ್ಲ ಅದಕ್ಕೆ ಜೊತೆಗೂಡುತ್ತವೆ. ಹಿಂದೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇಕಡ 23.3, ಕರ್ನಾಟಕದಲ್ಲಿ 21.3, ತಮಿಳುನಾಡಿನಲ್ಲಿ 12.8. ರಾಜ್ಯದ ಸರಾಸರಿ ನೋಡಿ ನಾವು ಸಮಾಧಾನಪಡುವಂತಿಲ್ಲ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಗುಡ್ಡಗಾಡಿನ ಹಳ್ಳಿಗಳ ಹೆಸರು ಈ ವಿಷಯದಲ್ಲಿ ಮತ್ತೆಮತ್ತೆ ಕೇಳಿಬರುತ್ತದೆ. 2025ರ ಮಾರ್ಚಿನಲ್ಲಿ ಅಂಚೆಟ್ಟಿ ಕಡೆಯ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು, ಅವಳು ಅಳುತ್ತ ಕೂಗುತ್ತಿದ್ದರೂ, ಮದುವೆಯಾದವನ ಮನೆಗೆ ಹೊತ್ತುಕೊಂಡು ಹೋದ ದೃಶ್ಯವನ್ನು ನಾಡೆಲ್ಲ ನೋಡಿತು. ಪೊಲೀಸರು ಬಂಧಿಸಿದವರಲ್ಲಿ ಹುಡುಗಿಯ ತಾಯಿಯೂ ಇದ್ದಳು. 2018ರ ನವೆಂಬರಿನಲ್ಲಿ ಜಾತಿ ಮೀರಿ ಮದುವೆಯಾದ ಹೊಸೂರು ಕಡೆಯ ಎಳೆಯ ದಂಪತಿಯ ಶವಗಳು ಶಿವನಸಮುದ್ರದ ಹತ್ತಿರ ಕಾವೇರಿಯಲ್ಲಿ ಸಿಕ್ಕವು. ಆ ಕೊಲೆಗಾಗಿ ಹುಡುಗಿಯ ಮನೆಯವರೇ ಬಂಧನಕ್ಕೊಳಗಾದರು. ಒಂದು ಕಡೆ ಬೇಡವೆಂದ ಮಗುವಿಗೆ ಬಲವಂತದ ಮದುವೆ, ಇನ್ನೊಂದು ಕಡೆ ಮೆಚ್ಚಿ ಆದ ಮದುವೆಗೆ ಸಾವು. ಎರಡರ ಬೇರೂ ಒಂದೇ. ಮಕ್ಕಳ ಮನಸ್ಸಿಗಿಂತ ಊರಬಾಯಿ ದೊಡ್ಡದು ಎಂದು ನಾವು ನಂಬಿದ್ದೇವೆ.

ಹಾಗಾದರೆ ದೊಡ್ಡವರು ಏನು ಮಾಡಬೇಕು? ನಮ್ಮ ಸೀಮೆಯಲ್ಲೇ ಹುಟ್ಟಿದ ಒಬ್ಬ ದೊಡ್ಡ ಮನುಷ್ಯರ ಮನೆಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ರಾಜಾಜಿ ಹುಟ್ಟಿದ್ದು 1878ರಲ್ಲಿ, ಹೊಸೂರಿಗೆ ಹತ್ತಿರದ ತೊರಪಳ್ಳಿಯಲ್ಲಿ. ಹೊಸೂರಿನ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಅವರ ಮಗಳು ಲಕ್ಷ್ಮಿಯೂ ಗಾಂಧೀಜಿಯ ಕಿರಿಯ ಮಗ ದೇವದಾಸರೂ 1927ರ ಸುಮಾರಿಗೆ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಹುಡುಗಿಗೆ ಆಗ ಹದಿನೈದರ ಆಸುಪಾಸು, ದೇವದಾಸರಿಗೆ ಇಪ್ಪತ್ತೇಳರ ಆಸುಪಾಸು. ಜಾತಿ ಬೇರೆ, ಭಾಷೆ ಬೇರೆ, ಇಬ್ಬರ ತಂದೆಯರೂ ದೇಶವೇ ಕಣ್ಣಿಟ್ಟು ನೋಡುತ್ತಿದ್ದ ಜನ. ಆ ತಂದೆಯರು ಮಗಳನ್ನು ಇನ್ನೊಬ್ಬನಿಗೆ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ಅವಸರದಿಂದ ಒಪ್ಪಿಗೆಯನ್ನೂ ಕೊಡಲಿಲ್ಲ. ಐದು ವರ್ಷ ದೂರ ಇರಿ, ಆಮೇಲೂ ಮನಸ್ಸು ಹೀಗೇ ಇದ್ದರೆ ಮದುವೆ ಮಾಡೋಣ ಅಂದರು. ಮನಸ್ಸು ಬದಲಾಗಲಿಲ್ಲ. 1933ರ ಜೂನ್ 16ರಂದು ಪುಣೆಯಲ್ಲಿ ಮದುವೆಯಾಯಿತು. ಆ ಹೊತ್ತಿಗೆ ಲಕ್ಷ್ಮಿ ಇಪ್ಪತ್ತು ದಾಟಿದ್ದರು. ಈ ಪ್ರಸಂಗವನ್ನು ಈಗಿನ ಕಣ್ಣಿನಿಂದ ನೋಡಿದರೆ ವಯಸ್ಸಿನ ಅಂತರ ಖಂಡಿತ ಚುಚ್ಚುತ್ತದೆ. ಹದಿನೈದರ ಹುಡುಗಿಯ ಹಿಂದೆ ಇಪ್ಪತ್ತೇಳರ ಗಂಡಸು ಇದ್ದರೆ ಇವತ್ತು ಅದನ್ನು ಪ್ರೀತಿ ಎಂದು ಸುಮ್ಮನೆ ಬಿಡುವಂತಿಲ್ಲ. ಅದಕ್ಕೇ ಆ ಐದು ವರ್ಷಕ್ಕೆ ಬೆಲೆ. ಕಾಯಿರಿ ಎಂಬ ಮಾತು ಮಗಳಿಗೆ ಬೆಳೆಯಲು ಹೊತ್ತು ಕೊಟ್ಟಿತು, ಅವಳ ಮನಸ್ಸನ್ನು ಸುಳ್ಳು ಎನ್ನಲಿಲ್ಲ, ಅವಳನ್ನು ಮನೆಯಿಂದ ದೂರ ಮಾಡಲಿಲ್ಲ. ಸುಮಾರು ನೂರು ವರ್ಷದ ಹಿಂದೆ ಇಬ್ಬರು ತಂದೆಯರಿಗೆ ಸಾಧ್ಯವಾದದ್ದು ಇವತ್ತು ನಮಗೆ ಅಸಾಧ್ಯವಾಗಬಾರದು.

ಈಗ ಇನ್ನೊಂದು ಆಕ್ಷೇಪಣೆ. ಮಕ್ಕಳ ಎದುರು ಪ್ರೀತಿಪ್ರೇಮ ಅಂತ ಮಾತಾಡಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುವುದಿಲ್ಲವೇ? ಈ ಅಂಜಿಕೆಯಿಂದಲೇ 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು ತಡೆಹಿಡಿದವು. ಆದರೆ ಯುನೆಸ್ಕೊ 2018ರಲ್ಲಿ ಹೊರತಂದ ಮಾರ್ಗದರ್ಶಿ, ದೇಶದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಹೇಳಿದ್ದು ಬೇರೆಯೇ. ವಯಸ್ಸಿಗೆ ತಕ್ಕಂತೆ ತಿಳಿಸಿ ಹೇಳಿದ ಮಕ್ಕಳು ದೇಹಸಂಬಂಧಕ್ಕೆ ಬೇಗ ಇಳಿಯುವುದಿಲ್ಲ, ತಡ ಮಾಡುವ ಕಡೆಗೇ ವಾಲುತ್ತಾರೆ, ಹೆಚ್ಚು ಎಚ್ಚರದಿಂದಲೂ ಇರುತ್ತಾರೆ. ಇದರಲ್ಲಿ ಸೋಜಿಗವಿಲ್ಲ. ನಾವು ಮಾತಾಡದೆ ಹೋದರೂ ಮಗುವಿಗೆ ಉತ್ತರ ಸಿಕ್ಕೇ ಸಿಗುತ್ತದೆ. ಫೋನು ಹೇಳುತ್ತದೆ, ಸಿನಿಮಾ ಹೇಳುತ್ತದೆ, ಅವರಷ್ಟೇ ತಿಳಿದ ಗೆಳೆಯರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ಯೋಚಿಸಿ ತೀರ್ಮಾನಿಸುವುದು, ಉದ್ವೇಗವನ್ನು ತಡೆದುಕೊಳ್ಳುವುದು ಅದರಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಅದೇ ತಳಹದಿಯ ಮೇಲೆ ಶಾಲಾಮಕ್ಕಳಿಗಾಗಿ ಪಾಠಗಳನ್ನು ಸಿದ್ಧಪಡಿಸಿದೆ. ಹೂ ಬೆಳೆಯುವವರು ಫೆಬ್ರವರಿ ಹದಿನಾಲ್ಕಕ್ಕೆ ಡಿಸೆಂಬರಿನಲ್ಲಿ ಕತ್ತರಿ ಹಿಡಿಯುವ ಹಾಗೆ, ಈ ಮಾತುಗಳೂ ಮುಂಚೆಯೇ ಶುರುವಾಗಬೇಕು. ಬ್ಯಾಗಿನಲ್ಲಿ ಚೀಟಿ ಸಿಕ್ಕ ದಿನ ಆಡುವ ಮಾತು ಬುದ್ಧಿವಾದವಾಗಿ ಮಗುವಿನ ಕಿವಿಗೆ ಬೀಳುವುದಿಲ್ಲ, ಬೈಗುಳವಾಗಿ ಬೀಳುತ್ತದೆ.

ಎಲ್ಲ ವಯಸ್ಸಿಗೂ ಒಂದೇ ಮಾತು ಸಲ್ಲದು. ಹತ್ತು ವರ್ಷದೊಳಗಿನ ಮಕ್ಕಳಿಗೆ ಈ ದಿನ ಒಂದು ಬಣ್ಣ, ಒಂದು ಸಿಹಿ, ಅಷ್ಟೆ. ಅವರಿಗೆ ಪ್ರೀತಿ ಎಂದರೆ ಅಜ್ಜಿ, ತಮ್ಮ, ಮನೆಯ ಕರು, ಜೊತೆ ಕೂರುವ ಗೆಳೆಯ. ಅದನ್ನು ಹಾಗೆಯೇ ಬಿಡೋಣ. ನಿನ್ನ ಹುಡುಗಿ ಯಾರೋ, ನಿನ್ನ ಗಂಡ ಯಾರೇ ಎಂದು ಕೆಣಕುವ ಚಾಳಿಯನ್ನು ನಾವು ಬಿಟ್ಟರೆ ಅರ್ಧ ಕೆಲಸ ಆದಂತೆ. ಮುಟ್ಟಬಾರದ ಕಡೆ ಯಾರಾದರೂ ಮುಟ್ಟಿದರೆ, ಅವರು ನೆಂಟರೇ ಆಗಿರಲಿ, ಕೂಗಿ ಹೇಳಬೇಕು ಎಂಬುದನ್ನು ಕಲಿಸಬೇಕಾದ ವಯಸ್ಸು ಇದು. ಹನ್ನೊಂದರಿಂದ ಹದಿನಾಲ್ಕರವರದು ಬೇರೆ ಸಂಕಟ. ತರಗತಿಯಲ್ಲಿ ಒಬ್ಬಳಿಗೆ ಮೂರು ಚಾಕೊಲೇಟು ಬಂದಿರುತ್ತದೆ, ಪಕ್ಕದವಳಿಗೆ ಒಂದೂ ಇರುವುದಿಲ್ಲ. ಒಬ್ಬನ ಹೆಸರನ್ನು ಇನ್ನೊಬ್ಬಳ ಹೆಸರಿನ ಜೊತೆ ಗೋಡೆಯ ಮೇಲೆ ಬರೆದಿರುತ್ತಾರೆ. ಏನೂ ಸಿಗದ ಮಗು ತನ್ನ ಬಣ್ಣ, ತನ್ನ ಮೂಗು, ತನ್ನ ಬಟ್ಟೆ ಸರಿಯಿಲ್ಲ ಎಂದುಕೊಳ್ಳುತ್ತದೆ. ಆ ಸಂಜೆ ಅವಳ ಮುಖ ಸಪ್ಪೆಯಾಗಿರುವುದನ್ನು ಒಬ್ಬರಾದರೂ ಗಮನಿಸಿ ಪಕ್ಕದಲ್ಲಿ ಕೂರಬೇಕು. ನಿನ್ನ ಬೆಲೆ ಯಾರೋ ಕೊಡುವ ಹೂವಿನಲ್ಲಿಲ್ಲ ಎಂದು ಹೇಳಬೇಕು. ಹೆಸರು ಜೋಡಿಸಿ ಹಂಗಿಸುವುದು ಹಿಂಸೆ ಎಂದು ಮೇಷ್ಟರು, ಟೀಚರು ತರಗತಿಯಲ್ಲಿ ಖಡಾಖಂಡಿತವಾಗಿ ಹೇಳಬೇಕು.

ಹದಿನೈದು ದಾಟಿದವರ ಜೊತೆ ಇನ್ನೂ ಬಿಚ್ಚಿ ಮಾತಾಡಬೇಕು, ಅದರಲ್ಲೂ ಗಂಡುಮಕ್ಕಳ ಜೊತೆ. ಬುದ್ಧಿ ಹೇಳುವುದೆಲ್ಲ ಹುಡುಗಿಗೇ ಎಂಬುದು ನಮ್ಮ ಹಳೆಯ ತಪ್ಪು. ಹುಡುಗ ಕಲಿಯಬೇಕಾದ ಮೊದಲ ಪಾಠ, ಬೇಡ ಎಂಬ ಉತ್ತರವನ್ನು ಕೇಳಿಸಿಕೊಳ್ಳುವುದು. ಹುಡುಗಿ ಬೇಡ ಅಂದ ಮೇಲೂ ಹಿಂದೆಹಿಂದೆ ಹೋದರೆ ಒಂದು ದಿನ ಒಲಿಯುತ್ತಾಳೆ ಎಂದು ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯ ಸಿನಿಮಾಗಳು ಅವನಿಗೆ ಕಲಿಸಿವೆ. ನಮ್ಮ ಗಡಿಯ ಹುಡುಗ ಮೂರನ್ನೂ ನೋಡುತ್ತಾನೆ. ಕಾನೂನು ಅದನ್ನು ಅಪರಾಧ ಎನ್ನುತ್ತದೆ. ಒಲ್ಲೆ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆಮತ್ತೆ ಹಿಂಬಾಲಿಸಿದರೆ, ಸಂಪರ್ಕಿಸಲು ನೋಡಿದರೆ, ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಆಗಬಹುದು. ಬೇರೆ ದಾರಿ ತೋರಿದ ಸಿನಿಮಾವೂ ಇದೆ. 2006ರ ಮುಂಗಾರು ಮಳೆಯಲ್ಲಿ ನಾಯಕ ಕೊನೆಗೆ ತನ್ನ ಪ್ರೀತಿಯನ್ನು ಬಿಟ್ಟುಕೊಡುತ್ತಾನೆ. ಅಂಥ ಕೊನೆಯಿದ್ದ ಚಿತ್ರವನ್ನು ಕನ್ನಡಿಗರು ವರ್ಷಗಟ್ಟಲೆ ಓಡಿಸಿದರು. ಸೋತು ಹಿಂದಕ್ಕೆ ಸರಿದವನನ್ನೂ ಜನ ಮೆಚ್ಚುತ್ತಾರೆ ಎಂದು ಮಗನಿಗೆ ತೋರಿಸಿಕೊಡಲು ಇದಕ್ಕಿಂತ ಸುಲಭದ ಉದಾಹರಣೆ ಬೇಡ. ಗೆಳೆಯರ ಗುಂಪಿನ ಬಗ್ಗೆಯೂ ಅವನಿಗೆ ಹೇಳಬೇಕು. ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 306 ಜನರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದರು. ಗೆಳೆಯರು ಜೊತೆಗಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಬಸ್ ನಿಲ್ದಾಣದಲ್ಲಿ ಹತ್ತು ಜನ ಫೋನು ಹಿಡಿದು ನಿಂತಿರುವಾಗ ಹೂ ಕೊಡಲು ಹೋಗುವ ಹುಡುಗ ತನ್ನ ಬುದ್ಧಿಯಿಂದ ಹೋಗುತ್ತಿಲ್ಲ, ಗುಂಪು ಅವನನ್ನು ತಳ್ಳುತ್ತಿದೆ. ಆ ಹತ್ತು ಫೋನುಗಳ ಎದುರು ನಿಂತ ಹುಡುಗಿಗೆ ಬೇಡ ಎನ್ನುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ.

ಕಾನೂನಿನ ಗೆರೆಯನ್ನು ಇಬ್ಬರಿಗೂ ತಿಳಿಸಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ಜೊತೆಗಿನ ದೈಹಿಕ ಸಂಬಂಧಕ್ಕೆ ಅವರದೇ ಒಪ್ಪಿಗೆ ಇತ್ತೆಂದರೂ ಕಾನೂನು ಕೇಳುವುದಿಲ್ಲ. ಓಡಿಹೋದ ಜೋಡಿಯಲ್ಲಿ ಹುಡುಗಿಗೆ ಹದಿನೇಳಾದರೆ ಹುಡುಗನ ಮೇಲೆ ಕೇಸು ಬೀಳುತ್ತದೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಮು, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 2016ರಿಂದ 2020ರವರೆಗಿನ ಪೋಕ್ಸೊ ತೀರ್ಪುಗಳನ್ನು ಪರಿಶೀಲಿಸಿದಾಗ ಸುಮಾರು ನಾಲ್ಕರಲ್ಲಿ ಒಂದು ಪ್ರಕರಣ ಪ್ರೇಮಸಂಬಂಧದ್ದಾಗಿತ್ತು. ಈ ವಯಸ್ಸನ್ನು ಇಳಿಸಬೇಕೇ ಎಂಬ ಪ್ರಶ್ನೆಯನ್ನು ಮದ್ರಾಸ್ ಹೈಕೋರ್ಟೂ ಕರ್ನಾಟಕ ಹೈಕೋರ್ಟೂ ಎತ್ತಿದ್ದುಂಟು. 2023ರ ಸೆಪ್ಟೆಂಬರಿನಲ್ಲಿ ಕಾನೂನು ಆಯೋಗ ಇಳಿಸುವುದು ಬೇಡ ಎಂದಿತು, ಹದಿನಾರರಿಂದ ಹದಿನೆಂಟರವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶ ಇರಲಿ ಎಂದು ಸಲಹೆ ಕೊಟ್ಟಿತು. ಆ ಚರ್ಚೆ ಎಲ್ಲಿಗೇ ಮುಟ್ಟಲಿ, ಇವತ್ತಿನ ಗೆರೆ ಇದು ಎಂದು ಮಕ್ಕಳಿಗೆ ಗೊತ್ತಿರಬೇಕು. ಪ್ರೀತಿಗೆ ಪುರಾವೆಯಾಗಿ ಬಟ್ಟೆಯಿಲ್ಲದ ಫೋಟೊ ಕೇಳುವವನು ಪ್ರೀತಿಸುವವನಲ್ಲ ಎಂಬುದೂ ಗೊತ್ತಿರಬೇಕು. ಹದಿನೆಂಟರೊಳಗಿನವರ ಅಂಥ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯಡಿ ಗುರುತರ ಅಪರಾಧ. ಒಂದು ವೇಳೆ ಚಿತ್ರ ಹೋಗಿಬಿಟ್ಟಿದ್ದರೆ ಮುಚ್ಚಿಡಬೇಡ, ಮೊದಲು ನಮಗೆ ಹೇಳು ಎಂಬ ಮಾತನ್ನು ಮಗಳು ಮನೆಯವರ ಬಾಯಿಂದ ಮೊದಲೇ ಕೇಳಿರಬೇಕು. ಬೆದರಿಸಿ ಹಣ ಕೀಳುವವನ ಬಲವೆಲ್ಲ ಅವಳು ಮನೆಯಲ್ಲಿ ಹೇಳಲಾರಳು ಎಂಬ ನಂಬಿಕೆಯಲ್ಲಿದೆ.

ಮನಸ್ಸು ಮುರಿದ ಮಕ್ಕಳ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಈ ವಯಸ್ಸಿನಲ್ಲಿ ಎಂಥ ಪ್ರೀತಿ, ನಾಲ್ಕು ದಿನದಲ್ಲಿ ಮರೆಯುತ್ತಾನೆ ಎನ್ನುವುದು ನಮ್ಮ ವಾಡಿಕೆ. ಆದರೆ ಇಷ್ಟವಿಲ್ಲದೆ ಸಂಬಂಧ ಕಡಿದುಹೋದ ನಲವತ್ತು ಜನರ ಮೆದುಳಿನ ಚಟುವಟಿಕೆಯನ್ನು ಮಿಶಿಗನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಬಿಟ್ಟುಹೋದವರ ಫೋಟೊ ನೋಡಿದಾಗ, ಮೈಗೆ ನೋವಾದಾಗ ಚುರುಕಾಗುವ ಮೆದುಳಿನ ಭಾಗಗಳೇ ಚುರುಕಾದವು. ನೋವು ಸುಳ್ಳಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2021ರ ವರದಿಯಲ್ಲಿ, ಹದಿನೆಂಟರೊಳಗಿನವರ ಆತ್ಮಹತ್ಯೆಗೆ ಕೊಟ್ಟ ಕಾರಣಗಳಲ್ಲಿ ಮನೆಯ ಸಮಸ್ಯೆ ಮೊದಲನೆಯದು, ಪ್ರೇಮದ ವಿಚಾರ ಎರಡನೆಯದು. ಈ ಎರಡು ಎಷ್ಟೋ ಸಲ ಒಂದರೊಳಗೊಂದು ಬೆರೆತಿರುತ್ತವೆ. ಹುಡುಗನೋ ಹುಡುಗಿಯೋ ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಇದ್ದು ಏನು ಪ್ರಯೋಜನ ಎಂಬಂಥ ಮಾತಾಡಿದರೆ, ಒಬ್ಬರನ್ನೇ ಬಿಡಬೇಡಿ, ಬಾಯಿಬಿಟ್ಟು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕರೆ ಮಾಡಬಹುದು. ಮಗುವಿಗೆ ಬಲವಂತದ ಮದುವೆಯ ಭಯವಿದ್ದರೆ, ಯಾರಾದರೂ ಹಿಂಸಿಸುತ್ತಿದ್ದರೆ, ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡು ಸಂಖ್ಯೆಗಳನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಇಷ್ಟೆಲ್ಲ ಮಾತಾಡಲು ನಮಗೆ ಓದಿಲ್ಲ, ಪುರಸೊತ್ತಿಲ್ಲ, ನಾಚಿಕೆ ಬೇರೆ ಎನ್ನುವವರ ಕಷ್ಟ ದೊಡ್ಡದು. ಬೆಳಗಾಗುತ್ತಲೇ ಹೂವಿನ ಕೆಲಸಕ್ಕೋ ಹೊಸೂರಿನ ಕಾರ್ಖಾನೆಗೋ ಹೊರಟು ಕತ್ತಲಾದ ಮೇಲೆ ಮನೆ ಸೇರುವ ತಾಯಿಗೆ ಮಗಳ ಜೊತೆ ಕೂರಲು ಹೊತ್ತೆಲ್ಲಿ? ಅಂಥವರಿಂದ ಉಪನ್ಯಾಸ ಯಾರೂ ಕೇಳುತ್ತಿಲ್ಲ. ಏನೇ ಆದರೂ ನನಗೆ ಹೇಳು, ನಾನು ಹೊಡೆಯುವುದಿಲ್ಲ, ನಿನ್ನ ಓದು ಬಿಡಿಸುವುದಿಲ್ಲ, ಇಷ್ಟು ಹೇಳಲು ಒಂದು ನಿಮಿಷ ಸಾಕು. ಆಮೇಲೆ ಆ ಮಾತಿಗೆ ತಪ್ಪಬಾರದು, ಕಷ್ಟ ಇರುವುದು ಅಲ್ಲಿ. ಅಮ್ಮನಿಗೆ ಹೇಳಲಾಗದ್ದನ್ನು ಮಕ್ಕಳು ಚಿಕ್ಕಮ್ಮನಿಗೆ, ಸೋದರತ್ತೆಗೆ, ಅಜ್ಜಿಗೆ ಹೇಳುತ್ತಾರೆ. ಅವರಲ್ಲಿ ಒಬ್ಬರು, ವಿಷಯವನ್ನು ಊರಿಗೆ ಹಂಚದೆ ಒಳಗೇ ಇಟ್ಟುಕೊಳ್ಳುವವರು, ಪ್ರತಿ ಮನೆಗೂ ಬೇಕು. ಮನೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ನಮ್ಮ ಮಕ್ಕಳಿಗೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬರುವುದು ಮನೆಯ ಮಾತಿನಲ್ಲಿ. ಹೊರಗಿನಿಂದ ಎಂಥ ತಜ್ಞರು ಬಂದರೂ ಆ ಮಾತು ಬಲ್ಲ ಹತ್ತಿರದವರ ಜಾಗವನ್ನು ತುಂಬಲಾರರು. ನಮ್ಮ ಕಡೆಯ ಕನ್ನಡ ಶಾಲೆಗಳ ಉಪಾಧ್ಯಾಯರು ಇಲ್ಲಿ ಬಹಳ ಮಾಡಬಲ್ಲರು.

ಕೊನೆಯದಾಗಿ, ಹೀಗೆ ಕೇಳಿಸಿಕೊಳ್ಳುತ್ತ ಹೋದರೆ ಒಪ್ಪಿಗೆ ಕೊಟ್ಟಂತೆ ಆಗುವುದಿಲ್ಲವೇ ಎಂಬ ಪ್ರಶ್ನೆ. ಆಗುವುದಿಲ್ಲ. ಮನಸ್ಸಿನಲ್ಲಿ ಹುಟ್ಟಿದ್ದಕ್ಕೆ ಮಗು ತಪ್ಪಿತಸ್ಥ ಅಲ್ಲ, ಮುಂದೆ ಏನು ಮಾಡುತ್ತದೆ ಎಂಬುದಕ್ಕೆ ಮಾತ್ರ ಗೆರೆ ಎಳೆಯಬೇಕು. ನಿನಗೆ ಅವನು ಇಷ್ಟ ಎಂಬುದು ನನಗೆ ತಿಳಿಯಿತು, ಹದಿನೆಂಟರವರೆಗೆ ಓದು, ಒಬ್ಬಳೇ ಎಲ್ಲಿಗೂ ಹೋಗಬೇಡ, ಅವನು ನಿನಗಿಂತ ಬಹಳ ದೊಡ್ಡವನಾದರೆ ನಾವು ಸುಮ್ಮನಿರುವುದಿಲ್ಲ ಎಂದು ಹೇಳುವ ತಾಯಿ ಒಪ್ಪಿಗೆಯನ್ನೂ ಕೊಡಲಿಲ್ಲ, ಮಗಳನ್ನೂ ಕಳೆದುಕೊಳ್ಳಲಿಲ್ಲ. ಓದು ಮುಂದುವರಿದರೆ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡನೇ ತರಗತಿಯವರೆಗೆ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರಿನಿಂದ ಪುದುಮೈ ಪೆಣ್ ಯೋಜನೆಯಡಿ ತಿಂಗಳಿಗೆ ಸಾವಿರ ರೂಪಾಯಿ ಕೊಡುತ್ತಿದೆ. ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯರನ್ನು ತೆಗೆದುಕೊಳ್ಳುವ ಕಾರ್ಖಾನೆಗಳು ಹೊಸೂರಿನ ಸುತ್ತಲೇ ಇವೆ. ಇಪ್ಪತ್ತೆರಡರಲ್ಲಿ ಸ್ವಂತ ಸಂಬಳ ಎಣಿಸುವ ಹುಡುಗಿ ಯಾರನ್ನು ಮೆಚ್ಚಬೇಕು, ಯಾರನ್ನು ಬೇಡ ಅನ್ನಬೇಕು ಎಂಬುದನ್ನು ಹದಿನಾರರವಳಿಗಿಂತ ಚೆನ್ನಾಗಿ ತೂಗಬಲ್ಲಳು.

ಆದ್ದರಿಂದ ಜವಳಗಿರಿ, ಥಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ತಂದೆತಾಯಂದಿರಲ್ಲಿ, ಗಡಿಯಾಚೆ ಆನೇಕಲ್ಲಿನವರಲ್ಲೂ, ನನ್ನ ಕೋರಿಕೆ ಇದು. ಈ ಫೆಬ್ರವರಿಯಲ್ಲಿ ಮಕ್ಕಳ ಫೋನು ತಪಾಸಣೆ ಮಾಡುವ ಮೊದಲು ಅವರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಚೀಟಿಯೋ ಹೂವೋ ಮೆಸೇಜೋ ಕಣ್ಣಿಗೆ ಬಿದ್ದರೆ ಆ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡಿ, ನೆಂಟರಿಗೆ ಫೋನು ಹಚ್ಚಬೇಡಿ. ಮಗಳಿಗೂ ಮಗನಿಗೂ ಒಂದೇ ನ್ಯಾಯ ಇರಲಿ. ಮರುದಿನ ಬೆಳಿಗ್ಗೆ ಇಬ್ಬರನ್ನೂ ಎಂದಿನ ಹಾಗೆ ಶಾಲೆಗೆ ಕಳಿಸಿ.